ಹನ್ನೊಂದು ಕರಿ ಗುರುತುಗಳು

ಬೆಳಗಿನ ಏಳಕ್ಕೇ ಉದಗೀರದಲ್ಲಿ ಬಿಸಿಗಾಳಿ ಎದ್ದಿತ್ತು. ಏಪ್ರಿಲ್ ತಿಂಗಳ ಮೂರನೇ ವಾರ. ಒಂದು ಚೂರು ಮೋಡ ಕೋಟೆಯ ಬುರುಜಿನ ಮೇಲೆ ಬಂದು, ಕೆಳಗೊಮ್ಮೆ ಇಣುಕಿದಂತೆ ಮಾಡಿ, ಬೀದರದ ಕಡೆ ಸರಿದುಹೋಯಿತು. ಯಾರೂ ತಲೆಯೆತ್ತಿ ನೋಡಲಿಲ್ಲ. ಮೂರು ವರ್ಷ ಅಂಥ ಮೋಡಗಳನ್ನು ನಂಬಿ ದಣಿದ ಜನ ಈಗ ಟ್ಯಾಂಕರಿನ ಹಾರ್ನನ್ನಷ್ಟೇ ನಂಬುತ್ತಿದ್ದರು.

ಕಾಲೇಜಿನ ಗೇಟಿನ ಹೊರಗೆ ಖಾಲಿ ಕೊಡಗಳ ಸಾಲು. ಒಳಗೆ, ವೇದಿಕೆಯ ಮೇಜಿನ ಮೇಲೆ, ನೀರಿನ ಬಾಟಲಿಗಳ ಸಾಲು.

ಸುಮನಬಾಯಿ ಎರಡೂ ಸಾಲುಗಳನ್ನು ನೋಡಿಕೊಂಡೇ ಸಭೆಯ ಕೊನೆಯ ಕುರ್ಚಿಯಲ್ಲಿ ಕುಳಿತಳು. ಕಾಸಾರಶಿರಸಿಯ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತೆರಡು ವರ್ಷ ಸರಕಾರಿ ನರ್ಸ್ ಆಗಿ ತಿರುಗಿ ನಿವೃತ್ತಳಾದವಳು. ದಿನಾ ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕುವವಳಲ್ಲ. ಶಿವನ ಮುಂದೆ ಸಿಟ್ಟು ತರಬಾರದೆಂದು ಆಕೆಯ ತಾಯಿ ಕಲಿಸಿದ್ದಳು. ಆದರೆ ಒಂಬತ್ತು ದಿನದಿಂದ, ಅಂಗೈಯ ಮೇಲಿನ ಲಿಂಗವನ್ನು ನೋಡುವಾಗಲೂ ಆಕೆಯ ಸಿಟ್ಟು ಇಳಿಯುತ್ತಿರಲಿಲ್ಲ.

ಒಂಬತ್ತು ದಿನದ ಹಿಂದೆ ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ಪಿತ್ತದ ಹರಳು ತೆಗೆಸಲು ಮಲಗಿದ ಕಾಂತಾಬಾಯಿ ಮತ್ತೆ ಏಳಲಿಲ್ಲ. ಆಕೆಯ ಗಂಡ, ಧಾನ್ಯದ ದಲಾಲಿ ಮಾಡುವ ಅಡತಿ ವ್ಯಾಪಾರಿ ಓಂಪ್ರಕಾಶ, ಕೊಟ್ಟ ದೂರಿನ ಮೇಲೆ ಭೂಲ್, ಅಂದರೆ ಅರಿವಳಿಕೆ, ಕೊಟ್ಟಿದ್ದ ಎಳೆಯ ಡಾಕ್ಟರ್ ರೇವಣಸಿದ್ಧ ಲಾಕಪ್ಪಿನಲ್ಲಿದ್ದ.

ನೋಡಲು ಹೋದ ಸುಮನಬಾಯಿಗೆ ಆ ಹುಡುಗ ಕಂಬಿಯ ಹಿಂದಿನಿಂದ ಹೇಳಿದ್ದು ಇಷ್ಟೇ: "ಮೈ ಕೈ ಅಲುಗದಂಗ ಮಾಡೋ ಔಷಧ ಅದು, ಮಾವಶಿ. ಯಾರಿಗಾದ್ರೂ ಐದು ಮಿನಿಟಿನ್ಯಾಗ ಅದರ ಅಮಲು ಇಳೀತದ. ಆಕಿಗಿ ತಾಸಗಟ್ಟಲೆ ಇಳೀಲೇ ಇಲ್ಲ. ಹಿಂಗ ಇಳಿಯದ ರಕ್ತದ ಮಂದಿ ನಮ್ಮ ಗಡಿಯಾಗ ಅದಾರ ಅಂತ ಒಂದು ಪ್ರಬಂಧ ಬಂದಿತ್ತು. ಓದಿದ್ದು ಈಗ ನೆನಪಾಗ್ಯದ. ಅದನ್ನ ತರಸ್ರಿ. ಇನ್ನೂ ಮಂದಿ ಇರಬೇಕು."

ಪ್ರಬಂಧ ತರಿಸಿದಳು. ಅದರ ನಾಲ್ಕನೇ ಪುಟದಲ್ಲಿ ಎರಡು ಮನೆತನಗಳ ಬಳ್ಳಿ ಬರೆದಿತ್ತು. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡನೆ ಗುರುತು. ಔಷಧ ಇಳಿಯದವರಿಗೆ ಕರಿ ಬಣ್ಣ ತುಂಬಿತ್ತು. ಹನ್ನೊಂದು ಕರಿ ಗುರುತು. ಹೆಸರಿಲ್ಲ, ಬರೀ ನಂಬರು.

ಆ ನಂಬರುಗಳ ತೋಳು ಹಿಡಿದು ಸೂಜಿ ಚುಚ್ಚಿದವಳು ಸುಮನಬಾಯಿಯೇ. ಹತ್ತೊಂಬತ್ತು ವರ್ಷದ ಹಿಂದೆ, ದಾಳಿಂಬ ಎಂಬ ಹಳ್ಳಿಯ ದೊಡ್ಡ ವಾಡೆಯಲ್ಲಿ. ಹೆದರಿ ಹಿಂದೆ ಸರಿದವರಿಗೆಲ್ಲ ಆಕೆ ಹೇಳಿದ ಮಾತು ಒಂದೇ: "ನಾ ಅದೀನಲ್ಲಾ, ಕೊಡ್ರಿ."

ಆ ಮಾತನ್ನು ನಂಬಿ ಕೈ ಚಾಚಿದವರಲ್ಲಿ ಇನ್ನು ಯಾರು ಯಾವ ಆಸ್ಪತ್ರೆಯ ಮೇಜಿನ ಮೇಲೆ ಮಲಗುತ್ತಾರೋ. ಅಷ್ಟು ಮಂದಿಯಲ್ಲಿ ಕರಿ ಗುರುತಿನವರು ಯಾರೆಂದು ಆಕೆಗೂ ತಿಳಿದಿರಲಿಲ್ಲ; ಅದಕ್ಕೆ ಮೊದಲು ಆಕೆಗೆ ಹೆಸರುಗಳು ಬೇಕಾಗಿದ್ದವು.

ವೇದಿಕೆಯ ಮೇಲೆ ಭಾಷಣ ನಡೆದಿತ್ತು. "ನಮ್ಮ ನಿಲಂಗಾದ ಮಣ್ಣಿನ ಮಗ, ಜನಾಂಗಗಳ ರಕ್ತದ ಚರಿತ್ರೆ ಓದಿದ ವಿಜ್ಞಾನಿ ಡಾಕ್ಟರ್ ದಿಗಂಬರ! ಇವರ ಒಂದೇ ಒಂದು ಪ್ರಬಂಧವನ್ನು ಜಗತ್ತಿನ ಸಾವಿರ ಪ್ರಬಂಧಗಳು ಉಲ್ಲೇಖಿಸಿವೆ. ಸಾವಿರ!"

ಚಪ್ಪಾಳೆ ಬಿತ್ತು. ಶಾಲು, ಹಾರ, ತೆಂಗಿನಕಾಯಿ. ದಿಗಂಬರ ತಲೆಬಾಗಿಸಿ ನಕ್ಕ. ಕೂದಲು ನರೆತಿದ್ದರೂ ನಗು ಅದೇ. ಸುಮನಬಾಯಿಯ ಅಡುಗೆಮನೆಯಲ್ಲಿ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದ ಹುಡುಗನ ನಗು.

*

ಪ್ರಾಚಾರ್ಯರ ಕೋಣೆಯಲ್ಲಿ ಆತ ಒಬ್ಬನೇ ಸಿಕ್ಕ. ಶಾಲು ಮಡಚುತ್ತಿದ್ದವನು ಬಾಗಿಲಲ್ಲಿ ಆಕೆಯನ್ನು ನೋಡಿ ಎದ್ದುಬಿಟ್ಟ.

"ಸುಮನಕ್ಕಾ! ಎಷ್ಟು ವರ್ಷ ಆತು! ನಿಮ್ಮ ಮನಿ ಖಾರದ ಹಿಂಡಿ, ರೊಟ್ಟಿ ಇನ್ನಾ ನೆನಪದ ನೋಡ್ರಿ." ಪಾದ ಮುಟ್ಟಲು ಬಾಗಿದ.

ಆಕೆ ಎರಡು ಹೆಜ್ಜೆ ಹಿಂದೆ ಸರಿದಳು.

"ರೊಟ್ಟಿ ನೆನಪದ. ರೊಟ್ಟಿ ಕೊಟ್ಟವರ ರಕ್ತ ನೆನಪದನೋ ಇಲ್ಲೋ?"

ಅವನ ಬೆನ್ನು ಬಾಗಿದಲ್ಲೇ ನಿಂತಿತು. ಸುಮನಬಾಯಿ ಚೀಲದಿಂದ ಪ್ರಬಂಧ ತೆಗೆದು ಮೇಜಿನ ಮೇಲೆ ಇಟ್ಟಳು.

"ಇದು ನಂದು... ಎಲ್ಲಿ ಸಿಕ್ತು ನಿಮಗ?"

"ಲಾಕಪ್ಪಿನ್ಯಾಗ. ನಿನ್ನ ಪ್ರಬಂಧ ಓದಿದಾಂವ ಒಬ್ಬ ಅಲ್ಲಿ ಕುಂತಾನ. ಸಾವಿರದಾಗ ಅವನ್ನ ಎಣಿಸೀಯೋ ಇಲ್ಲೋ ಗೊತ್ತಿಲ್ಲ."

ಕಾಂತಾಬಾಯಿಯ ಸಾವನ್ನು ಆಕೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ದಿಗಂಬರ ಕುರ್ಚಿಯ ತುದಿಯಲ್ಲಿ ಕೂತು ಕೇಳಿದ. ಮುಖ ಬೆವರಿತು.

"ಹೆಸರು ಹೇಳು," ಎಂದಳು. "ಹನ್ನೊಂದೂ. ಬರಕೊಂಡು ಹೋಗ್ತೀನಿ. ಇವತ್ತೇ ಮನಿ ಮನಿಗಿ ಹೋಗಿ ಹೇಳಬೇಕು."

"ಅಕ್ಕಾ, ಹಂಗ ಹೇಳಾಕ ಬರಂಗಿಲ್ಲ. ಕಾಯದಾ ಅದ. ರಕ್ತ ಕೊಟ್ಟವರ ಹೆಸರು ಗುಪ್ತ ಇಡಬೇಕು."

"ಯಾರಿಂದ ಗುಪ್ತ? ರಕ್ತ ಕೊಟ್ಟವರಿಂದಲೇ?"

ಅವನು ಉತ್ತರ ಹುಡುಕಿದ. ಸಿಕ್ಕ ಉತ್ತರ ಅವನಿಗೇ ದೊಡ್ಡದಾಗಿ ಕಂಡಿರಬೇಕು, ದನಿ ಏರಿತು.

"ನೀವು ತಿಳಕೊಂಡಂಗ ಇದು ಬರೀ ಕಾಗದ ಅಲ್ಲ. ಇದನ್ನ ಓದಿ ಹೊರದೇಶದಾಗ ಎರಡು ದೊಡ್ಡ ಆಸ್ಪತ್ರಿಗೋಳು ಭೂಲ್ ಕೊಡೂಕಿಂತ ಮೊದಲು ರಕ್ತ ತಪಾಸಣಿ ಚಾಲೂ ಮಾಡ್ಯಾವ. ಎಷ್ಟು ಜೀವ ಉಳದಾವ ಗೊತ್ತದೇನು?"

ಸುಮನಬಾಯಿ ಕಿಟಕಿಯತ್ತ ತಿರುಗಿದಳು. ಗೇಟಿನ ಬಳಿ ಟ್ಯಾಂಕರ್ ಬಂದು ನಿಂತಿತ್ತು. ಕೊಡಗಳ ಸಾಲು ಚದುರಿ ಗದ್ದಲವಾಗಿತ್ತು.

"ಛಲೋ ಆತಪಾ," ಎಂದಳು ಮೆಲ್ಲಗೆ. "ದಾಳಿಂಬದ ರಕ್ತ ಸಮುದ್ರ ದಾಟಿ ಪುಣ್ಯ ಮಾಡಿ ಬಂತು. ಉದಗೀರಕ್ಕ ಬರಾಕ ಅದಕ್ಕ ಬಸ್ ಸಿಗಲಿಲ್ಲೇನು?"

ದಿಗಂಬರ ಬಾಟಲಿಯ ಮುಚ್ಚಳ ತಿರುವಿದ. ಕುಡಿಯಲಿಲ್ಲ.

ಆಕೆ ನಾಲ್ಕನೇ ಪುಟ ತೆರೆದು ಬೆರಳಿಟ್ಟಳು. "ಇದೊಂದು ಕರಿ ಗುಂಡು. ದಾಳಿಂಬದ ಮನಿ, ನಾಕನೇ ಮಗಳು. ಇದು ಇನ್ನೊಂದು. ಉದಗೀರದ ಮನಿ, ಎರಡನೇ ಮಗನ ಹೇಣತಿ. ಯಾರಿವರು?"

"ಹದಿನಾಲ್ಕನೇ ನಂಬರು, ಮೂವತ್ತೊಂದನೇ ನಂಬರು. ಬ್ಯಾರೆ ಬ್ಯಾರೆ ಮನಿ, ಬ್ಯಾರೆ ಬ್ಯಾರೆ ಹೆಣ್ಮಕ್ಕಳು. ಅದೇ ನೋಡ್ರಿ ಇದರ ಮುಖ್ಯ ವಿಚಾರ. ಈ ಗುಣ ಎರಡು ಮನೆತನದಾಗ ಬ್ಯಾರೆ ಬ್ಯಾರೆ ಸಿಕ್ತು ಅಂತ."

"ಒಬ್ಬಾಕಿ."

"ಏನು?"

"ಒಬ್ಬಾಕಿ ಅಂದೆ. ಮೊದಲನೇ ವರ್ಷ ನೀ ದಾಳಿಂಬದಾಗ ಪ್ರಯಾಗ ಅನ್ನೋ ಹುಡುಗಿ ರಕ್ತ ತಗೊಂಡಿ. ನಾನೇ ತೋಳು ಹಿಡದಿದ್ದೆ. ಆ ಚಳಿಗಾಲದಾಗ ಆಕಿ ಲಗ್ನ ಆತು. ತಾಟಿನ್ಯಾಗ ಅಕ್ಕಿ ಹರವಿ, ಗಂಡ ಉಂಗುರದಿಂದ ಹೊಸ ಹೆಸರು ಬರದ. ಕಾಂತಾಬಾಯಿ ಅಂತ. ಮುಂದಿನ ವರ್ಷ ನೀ ಉದಗೀರದ ಪ್ಯಾಟಿ ಮಂದಿ ರಕ್ತ ತಗೊಳ್ಳಾಕ ಬಂದಿ. ಸೊಸಿ ಕೈ ಚಾಚಿದಳು. ಹೆಸರೇನಂದಿ. ಕಾಂತಾಬಾಯಿ ಅಂದಳು. ಬರಕೊಂಡಿ."

ದಿಗಂಬರನ ಬೆರಳು ಒಂದು ಗುಂಡಿನಿಂದ ಇನ್ನೊಂದಕ್ಕೆ ಹೋಯಿತು. ಮತ್ತೆ ಹಿಂದಕ್ಕೆ ಬಂದಿತು.

"ಆಗ ನಾವು ಅದೊಂದು ಗುಣ ಅಷ್ಟೇ ನೋಡ್ತಿದ್ವಿ. ಎರಡು ರಕ್ತ ಒಬ್ಬರದೇ ಅನ್ನೂದು ಗೊತ್ತಾಗ್ತಿರಲಿಲ್ಲ..."

"ಯಂತ್ರಕ್ಕ ಗೊತ್ತಾಗದಿದ್ರ ಬಿಡು. ನೀ ಪರದೇಶದಾಂವ ಅಲ್ಲ. ನಿಲಂಗಾದಾಗ ಹುಟ್ಟಿದಾಂವ. ನಿನ್ನವ್ವಗ ತವರಮನಿ ಹೆಸರೊಂದು, ಗಂಡನ ಮನಿ ಹೆಸರೊಂದು ಇಲ್ಲೇನು? ನಿಮ್ಮ ಅಕ್ಕಗ ಇಲ್ಲೇನು? ಹುಟ್ಟಿದ ಊರು ಯಾವುದವ್ವಾ, ಲಗ್ನಕ್ಕ ಮೊದಲು ಏನಂತ ಕರೀತಿದ್ರು, ಅಂತ ಎರಡು ಮಾತು ಕೇಳಿದ್ರ ನಿನ್ನ ಬಾಯಿ ಸವೀತಿತ್ತೇನು?"

ಅವನು ಬಾಗಿಲ ಕಡೆ ನೋಡಿದ. ಹೊರಗೆ ಯಾರೋ ಹಾರಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ದನಿ ತಗ್ಗಿಸಿ ಕೇಳಿದ.

"ಇದನ್ನ ಮತ್ಯಾರಿಗೆ ಹೇಳೀರಿ, ಅಕ್ಕಾ?"

ಆ ಒಂದು ಪ್ರಶ್ನೆಗೆ ಸುಮನಬಾಯಿಯ ಒಳಗೆ ಒಂಬತ್ತು ದಿನದಿಂದ ಕುದಿಯುತ್ತಿದ್ದುದು ಉಕ್ಕಿತು.

"ಥೂ ನಿನ್ನ! ಆಕಿ ಮೇಜಿನ ಮ್ಯಾಲೆ ಎಚ್ಚರ ಇದ್ದಳಂತ ಹೇಳ್ತಾನ ಆ ಹುಡುಗ. ಎಲ್ಲಾ ಕೇಳಸ್ತಿತ್ತಂತ. ಕಣ್ಣರೆಪ್ಪಿ ಎತ್ತಾಕ ಆಗಲಿಲ್ಲ, ಉಸರು ಬಾ ಅಂದ್ರ ಬರಲಿಲ್ಲ. ಅಂಥಾಕಿ ಸುದ್ದಿ ಕೇಳಿ ನಿನಗ ನಿನ್ನ ಸಾವಿರದ ಚಿಂತಿ! ಸಾವಿರ ಮಂದಿ ಓದ್ಯಾರಂತ. ಏನು ಮಾಡ್ಲಿ ತಗೊಂಡು? ಆಕಿ ಒಬ್ಬಾಕಿ ಓದಿದ್ರ ಸಾಕಿತ್ತು!"

ಹೊರಗಿನ ಹೆಜ್ಜೆಗಳು ನಿಂತವು. ಯಾರೋ ಇಣುಕಿ ನೋಡಿ ಹೋದರು.

ದಿಗಂಬರನ ಕಣ್ಣು ಕೆಂಪಾಗಿತ್ತು. ಅವನೂ ಮೇಜು ಬಡಿದ.

"ನಾ ತಿಳಿಸಿಲ್ಲ ಅನಬ್ಯಾಡ್ರಿ! ಅದೊಂದು ಮಾತು ಅನಬ್ಯಾಡ್ರಿ, ಅಕ್ಕಾ. ಪ್ರಬಂಧ ಛಾಪ ಆದ ವರ್ಷಾನೇ ಕಾಗದ ಕಳಿಸೀನಿ. ರಜಿಸ್ಟರ್. ಕೈಗೆ ಮುಟ್ಟಿದ್ದಕ್ಕ ಸಹಿ ವಾಪಸ್ ಬಂದದ!"

ಲ್ಯಾಪ್‌ಟಾಪ್ ಎಳೆದುಕೊಂಡ. ಹಳೆಯ ಕಡತಗಳ ಫೋಟೋಗಳು ಒಂದೊಂದಾಗಿ ಸರಿದವು. ಬೆರಳು ಒಂದು ಕಡೆ ನಿಂತಿತು.

"ಬ್ಯಾರೆಯವರದು ತೋರಿಸಂಗಿಲ್ಲ. ಇದು ಪ್ರಯಾಗಂದು. ತೀರಕೊಂಡಾಳಲ್ಲ, ನೋಡ್ರಿ."

ಅಂಚೆಯ ಪೋಚ್ ಕಾರ್ಡು, ಕಾಗದ ಮುಟ್ಟಿದ್ದರ ರಶೀದಿ. ಒಂದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಜುಲೈ. ಕುಮಾರಿ ಪ್ರಯಾಗ, ಮುಕ್ಕಾಂ ದಾಳಿಂಬ, ತಾಲೂಕು ಉಮರಗಾ. ಕೆಳಗೆ, ಪಡೆದವರ ಜಾಗದಲ್ಲಿ, ಮರಾಠಿ ಅಕ್ಷರದ ಒಂದು ಸಹಿ. ಕೊನೆಯ ಅಕ್ಷರದ ಬಾಲ ನೇಗಿಲ ಗೆರೆಯ ಹಾಗೆ ಉದ್ದಕ್ಕೆ ಎಳೆದಿತ್ತು.

"ಜುಲೈ," ಎಂದಳು ಸುಮನಬಾಯಿ. "ಆಗ ಆಕಿ ಉದಗೀರಕ್ಕ ಬಂದು ಒಂದೂವರಿ ವರ್ಷ ಆಗಿತ್ತು. ಈ ಕುಮಾರಿ ಪ್ರಯಾಗ ಅನ್ನಾಕಿ ದಾಳಿಂಬದಾಗ ಇರಲೇ ಇಲ್ಲ. ಉದಗೀರದ ಕಾಂತಾಬಾಯಿಗಿ ಕಳಿಸಿದ್ದು ಎಲ್ಲದ?"

ಅವನು ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಇಳಿಸಿದ.

"ಎರಡನೇ ವರ್ಷದ ಮಂದಿಗಿ ಕಳಿಸಲಿಲ್ಲ. ಯೋಜನಾ ಮುಗದಿತ್ತು."

ಒಬ್ಬಳೇ ಹೆಂಗಸನ್ನು ಎರಡು ಮಾಡಿ, ಇಲ್ಲದವಳಿಗೆ ಕಾಗದ ಬರೆದು, ಇದ್ದವಳನ್ನು ಬಿಟ್ಟಿದ್ದ. ಅವನು ಶಾಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

"ಉಳಿದ ಕಾರ್ಡು?"

"ಎಲ್ಲಾ ದಾಳಿಂಬಕ್ಕೇ ಹೋದವು. ಒಟ್ಟು ಹತ್ತು. ಹತ್ತರ ಮ್ಯಾಲೂ ಇದೇ ಸಹಿ ಅದ."

"ಹತ್ತಕ್ಕೂ ಒಬ್ಬಾಂವೇ ಸಹಿ ಮಾಡ್ಯಾನಂದ್ರ ನಿನಗೇನೂ ಅನಸಲಿಲ್ಲ?"

"ಸಹಿ ಬಂತಲ್ಲ ಅಂತ... ಕಡತಕ್ಕ ಹಚ್ಚಿದೆ."

"ಯಾವ ಭಾಷಾದಾಗ ಬರದಿದ್ದಿ?"

ದಿಗಂಬರ ತಲೆ ಎತ್ತಲಿಲ್ಲ. "ಇಂಗ್ಲಿಷ್. ಆಪರೇಶನ್ ಇದ್ರ ಮೊದಲು ಡಾಕ್ಟರಗ ಈ ಕಾಗದ ತೋರಸ್ರಿ, ಇಲ್ಲಂದ್ರ ಜೀವಕ್ಕ ಅಪಾಯ ಅಂತ ಬರದಿದ್ದೆ."

ಆ ಸಹಿ ಯಾರದೆಂದು ಸುಮನಬಾಯಿಗೆ ಕೇಳಬೇಕಾಗಿರಲಿಲ್ಲ. ದಾಳಿಂಬದಲ್ಲಿ ಎಷ್ಟು ಲಸಿಕೆ ಕಾಗದಗಳ ಮೇಲೆ ಆ ನೇಗಿಲ ಗೆರೆಯನ್ನು ನೋಡಿದ್ದಳು. ಮನ್ಮಥಪ್ಪ. ಇಡೀ ಭಾವಕಿಯ, ದಾಯಾದಿ ಮನೆಗಳೆಲ್ಲದರ, ಹಿರಿಯ. ಹತ್ತೂ ಮನೆಗಳ ಟಪಾಲು ಅವನ ವಾಡೆಯ ಕಟ್ಟೆಗೇ ಬಂದು ಬೀಳುತ್ತಿತ್ತು. ಹೆಣ್ಣುಮಕ್ಕಳ ಹೆಸರಿನ ಕಾಗದವನ್ನು ಹೆಣ್ಣುಮಕ್ಕಳ ಕೈಗೆ ಕೊಡುವ ರೂಢಿ ಆ ಊರಲ್ಲಿ ಇರಲಿಲ್ಲ.

ಮನ್ಮಥಪ್ಪ ತೀರಿಕೊಂಡು ಆರು ವರ್ಷ.

ಅವನು ಪ್ರಯಾಗಳ ತಂದೆ.

*

ನಿಲಂಗಾದವರೆಗೆ ಒಂದು ಬಸ್ಸು, ಉಮರಗಾದವರೆಗೆ ಇನ್ನೊಂದು, ಅಲ್ಲಿಂದ ಹನ್ನೊಂದು ಮಂದಿ ತುಂಬಿದ ಆಟೋ. ದಾಳಿಂಬ ಮುಟ್ಟುವಾಗ ನಾಲ್ಕು ದಾಟಿತ್ತು. ದಾರಿಯುದ್ದಕ್ಕೂ ತೊಗರಿ ಹೊಲಗಳಲ್ಲಿ ಕಡ್ಡಿಯೂ ಇರಲಿಲ್ಲ. ಸಿಟ್ಟು ಆಕೆಯ ಮೈಯಲ್ಲಿ ಇನ್ನೂ ಇತ್ತು, ಆದರೆ ಅದು ಯಾರ ಮೇಲೆ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತಿತ್ತು. ಸಿಟ್ಟಿಗೂ ಒಂದು ಮನೆ ಬೇಕು.

ವಾಡೆಯ ಪಡಸಾಲೆಯಲ್ಲಿ ಶಿವಗಂಗಾಬಾಯಿ ಒಬ್ಬಳೇ ಗೋಡೆಗೆ ಒರಗಿ ಕೂತಿದ್ದಳು. ಮನ್ಮಥಪ್ಪನ ಹೆಂಡತಿ, ಸತ್ತವಳ ತಾಯಿ. ಎಪ್ಪತ್ತೆಂಟರ ಮುದುಕಿ. ಕಣ್ಣಿಗೆ ಪರೆ ಬಂದಿದ್ದರೂ ಹೆಜ್ಜೆಯಿಂದಲೇ ಗುರುತು ಹಿಡಿದಳು.

"ಸುಮನಾ? ಬಾ ಅವ್ವ. ಅರ್ಧ ಲೋಟಾ ನೀರದ. ಅರ್ಧ ಅಂತ ಬ್ಯಾಸರ ಮಾಡಕೋಬ್ಯಾಡ."

"ನೀರು ಬ್ಯಾಡ ಅತ್ತಿ. ಹತ್ತು ರಜಿಸ್ಟರ್ ಕಾಗದ ಬಂದಿದ್ದವು. ಮಾವನೋರು ಸಹಿ ಮಾಡ್ಯಾರ. ಎಲ್ಲವ?"

ಮುದುಕಿ ಬೆಚ್ಚಲಿಲ್ಲ. ಈ ಪ್ರಶ್ನೆ ಎಂದಾದರೂ ಮೆಟ್ಟಿಲು ಹತ್ತಿ ಬರುತ್ತದೆಂದು ಕಾದು ಕೂತವಳ ಹಾಗೆ ತಲೆಯಾಡಿಸಿದಳು.

"ಅವರು ಒಡೀಲಿಲ್ಲ. ರಕ್ತ ತಗೊಂಡವರು ಕಾಗದ ಕಳಿಸ್ಯಾರಂದ್ರ ರಕ್ತದಾಗ ಏನೋ ಖೋಟ, ದೋಷ ಅದ ಅಂದ್ರು. ಹತ್ತು ಮನಿ ಮಕ್ಕಳಿಗಿ ಲಗ್ನ ಆಗಬೇಕು, ಮಂದಿಗಿ ಗೊತ್ತಾದ್ರ ಯಾರು ಕೊಡ್ತಾರ, ಯಾರು ತರತಾರ? ಒಡದ್ರ ಖರೇ ಆಗ್ತದ ಅಂದ್ರು."

"ಒಡೀದಿದ್ರ ಸುಳ್ಳು ಆಗ್ತದೇನು ಅತ್ತಿ!" ಸುಮನಬಾಯಿಯ ದನಿ ತೊಲೆಗಳಿಗೆ ತಾಗಿತು. "ನಿಮ್ಮ ಹೊಟ್ಟಿ ಮಗಳು! ನಿಮ್ಮ ಬಾಯಾಗ ಒಂದು ಮಾತು ಬರಲಿಲ್ಲ?"

"ಬೈ. ನಿನಗ ಹಕ್ಕದ, ಬೈ. ನಮ್ಮ ತೋಳು ಹಿಡದಾಕಿ ನೀ."

ಮುದುಕಿ ಗೋಡೆ ಹಿಡಿದು ಎದ್ದಳು. ದೇವರ ಮಾಡದ ಒಳಗೆ ಮೊಳಕೈವರೆಗೆ ಕೈ ಹಾಕಿ, ಬಿಳಿ ವಸ್ತ್ರದ ಒಂದು ಗಂಟು ತೆಗೆದಳು. ವಿಭೂತಿಯ ಧೂಳು ಉದುರಿತು.

"ಸುಡಾಕ ಅವರಿಗಿ ಕೈ ಬರಲಿಲ್ಲ. ಮಂದಿ ಹೆಸರಿನ ಕಾಗದ ಅಂದ್ರು."

ಗಂಟು ಬಿಚ್ಚಿತು. ಅಂಟು ಬಿಡದ ಲಕೋಟೆಗಳು. ಸುಮನಬಾಯಿ ಒಂದೊಂದೇ ಹೆಸರು ಓದಿದಳು. ವೀರಭದ್ರ, ಉಮರಗಾದಲ್ಲಿ ಗ್ಯಾರೇಜ್ ಇಟ್ಟಾನ. ಕುಸುಮ, ಆಳಂದದ ಕಡೆ ಕೊಟ್ಟಾರ, ಮೂರು ಮಕ್ಕಳು. ರಂಭಾ, ಇದೇ ಊರಲ್ಲೇ ಅದಾಳ. ಹೆಸರು ಹೆಸರಿಗೂ ಒಂದು ಮುಖ ಎದ್ದು ಬಂದಿತು. ಎಲ್ಲರೂ ಬದುಕಿದ್ದರು. ಆಕೆ ಲಕೋಟೆಗಳನ್ನು ಎದೆಗೆ ಒತ್ತಿಕೊಂಡಳು. ಒಂಬತ್ತು ದಿನದಲ್ಲಿ ಮೊದಲ ಸಲ ಶಿವನ ಹೆಸರು ಬಾಯಿಗೆ ಸಲೀಸಾಗಿ ಬಂದಿತು.

ಆಮೇಲೆ ಎಣಿಸಿದಳು.

"ಒಂಬತ್ತೇ ಅವ. ಪ್ರಯಾಗಂದು?"

ಶಿವಗಂಗಾಬಾಯಿ ಕೂತಳು. ಸೆರಗಿನ ತುದಿ ಬಾಯಿಗೆ ಬಂದಿತು.

"ಯುಗಾದಿಗಿ ಅಳಿಯ ಬಂದಿದ್ದ. ಇನ್ನ ಮೂರು ದಿನಕ್ಕ ಆಪರೇಶನ್ ಅದ ಅತ್ತಿ ಅಂದ. ನನಗ ಜೀವ ತಡೀಲಿಲ್ಲ ಸುಮನಾ. ಅವರಿಗಿ ಕೊಟ್ಟ ಮಾತು ಮುರದೆ. ಆಕಿ ಕಾಗದ ಒಂದು ತಗದು ಅವನ ಕೈಯಾಗ ಕೊಟ್ಟೆ. ನೀ ಕಾಲೇಜು ಓದಿದಾಂವ, ಏನದ ನೋಡಪಾ, ಡಾಕ್ಟರಗ ಹೇಳೂದಿದ್ರ ಹೇಳು ಅಂದೆ."

ಸುಮನಬಾಯಿಯ ಕೈಯಲ್ಲಿ ಲಕೋಟೆಗಳು ಅಲುಗಾಡದೆ ನಿಂತವು.

"ಓಂಪ್ರಕಾಶ ಓದಿದ್ನೇನು?"

"ಅದೋ, ಆ ಕಂಬದ ಹಂತೇಲಿ ನಿಂತು. ಎರಡು ಸಲ ಓದಿದ."

"ಏನಂದ?"

"ಏನಿಲ್ಲ ಅತ್ತಿ, ಹಳೀ ಕಾಗದ. ರಕ್ತ ಛಲೋ ಅದ ಅಂತ ಬರದಾರ ಅಂದ. ಮಡಚಿ ಕಿಸೇದಾಗ ಇಟಗೊಂಡ. ನಗಕೋತ ಹೋಳಿಗಿ ಉಂಡು ಹೋದ." ಮುದುಕಿ ಪರೆ ಬಂದ ಕಣ್ಣುಗಳನ್ನು ಸುಮನಬಾಯಿಯ ಕಡೆ ಎತ್ತಿದಳು. "ಛಲೋ ಅದ ಅಂತೇ ಬರದಿತ್ತಲ್ಲ ಅದರಾಗ? ನೀ ಹೇಳು, ಅವ್ವಾ."

ಸುಮನಬಾಯಿ ಆ ಕಂಬದ ಕಡೆ ತಿರುಗಿದಳು; ಅಲ್ಲಿ ನಿಂತು ಓದಿದವನೇ ದೂರು ಕೊಟ್ಟು ಆ ಹುಡುಗನನ್ನು ಲಾಕಪ್ಪಿಗೆ ಹಾಕಿಸಿದ್ದ.

ಶಿವಗಂಗಾಬಾಯಿ ಸೊಂಟದ ಚಂಚಿಯಿಂದ ಏನನ್ನೋ ತೆಗೆದಳು. ಬಾಯಿ ಹರಿದ, ಬರಿದಾದ ಒಂದು ಲಕೋಟೆ. ಅಳಿಯ ಕಾಗದವನ್ನಷ್ಟೇ ಒಯ್ದಿದ್ದ. ಮೊಣಕಾಲ ಮೇಲಿಟ್ಟು ಅದರ ಮಡಿಕೆಗಳನ್ನು ಹೆಬ್ಬೆರಳಿನಿಂದ ಸವರಿ ಸರಿಮಾಡಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಡುವ ಹಾಗೆ, ಉಳಿದ ಒಂಬತ್ತರ ಮೇಲೆ ಸದ್ದಿಲ್ಲದೆ ಇಟ್ಟಳು.